ಮಗುವಿಗೆ ಬೆಂಗಳೂರಿದೆ, ಅಮ್ಮನಿಗೆ ಯಾರಿದ್ದಾರೆ?

ಮಾನ್ಯ ಶಿವಮೊಗ್ಗ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವಳು, ಅಡಿಕೆ ತೋಟದ ಮನೆಯವಳು. ನನ್ನ ಮಗನಿಗೆ ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಬ್ಲಡ್ ಕ್ಯಾನ್ಸರ್ ಬಂತು. ಡಾಕ್ಟರುಗಳು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಅನ್ನುತ್ತಾರೆ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು ಎಎಲ್‌ಎಲ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಅವನ ಚಿಕಿತ್ಸೆ ಮುಗಿದಿದೆ. ಈಗ ಶಾಲೆಗೆ ಹೋಗುತ್ತಾನೆ, ಮಗ್ಗಿ ತಪ್ಪು ಹೇಳಿ ಬೈಸಿಕೊಳ್ಳುತ್ತಾನೆ. ಹಾಗಾಗಿ ಅವನಿಗಾಗಿ ಏನೂ ಕೇಳುತ್ತಿಲ್ಲ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ, ಮಣಿಪಾಲಕ್ಕೆ ಮಕ್ಕಳನ್ನು ಎತ್ತಿಕೊಂಡು ಓಡಾಡುವ ಅಮ್ಮಂದಿರಿಗಾಗಿ ಕೇಳುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಮಗುವಿನ ಚಿಕಿತ್ಸೆ ನಡೆಯುವುದು ದೊಡ್ಡ ಊರಿನಲ್ಲಿ. ತಾಯಿ ಕುಸಿಯುವುದು ಮನೆಗೆ ಬಂದ ಮೇಲೆ. ಅಂದರೆ ನಿಮ್ಮ ಜಿಲ್ಲೆಯಲ್ಲಿ, ನಿಮ್ಮ ಆಶಾ ಕಾರ್ಯಕರ್ತೆ ದಿನಾ ಓಡಾಡುವ ದಾರಿಯಲ್ಲಿ. ಆ ಹೊತ್ತಿಗೆ ಅವಳನ್ನು ಮಾತಾಡಿಸಲು ಇಲಾಖೆಯ ಕಡೆಯಿಂದ ಒಬ್ಬರು ಬೇಕು. ಕೋರಿಕೆ ಇಷ್ಟೇ. ಯಾಕೆ ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ವಾರ್ಡಿನಲ್ಲಿ ಕಷ್ಟಕ್ಕೇನೂ ಕೊರತೆ ಇಲ್ಲ. ಆದರೆ ಅಲ್ಲಿ ತಾಯಿ ಒಂಟಿಯಲ್ಲ. ರಾಯಚೂರಿನವರು, ಕೋಲಾರದವರು, ಗಡಿಯಾಚೆಯ ಅನಂತಪುರದವರು, ಎಲ್ಲರ ಮಡಿಲಲ್ಲೂ ಕೂದಲು ಉದುರಿದ ಒಂದೊಂದು ಮಗು. ಬೆಳಿಗ್ಗೆ ಎದ್ದರೆ 'ತಿಂಡಿ ಆಯ್ತಾ' ಅಂತ ಯಾರೂ ಕೇಳುವುದಿಲ್ಲ. 'ಕೌಂಟ್ ಎಷ್ಟು ಬಂತು' ಅಂತಲೇ ಕೇಳುತ್ತಾರೆ. ಕೌಂಟ್ ಅಂದರೆ ರಕ್ತದಲ್ಲಿ ಸೋಂಕು ತಡೆಯುವ ಬಿಳಿ ಕಣಗಳ ಲೆಕ್ಕ. ಎಲ್‌ಪಿ ಅಂದರೆ ಬೆನ್ನುಮೂಳೆಗೆ ಸೂಜಿ ಹಾಕಿ ಔಷಧಿ ಕೊಡುವುದು. ಆ ದಿನ ಮಗುವನ್ನು ಒಳಗೆ ಕರೆದುಕೊಂಡು ಹೋದಾಗ ಬಾಗಿಲ ಹೊರಗೆ ನಿಂತವಳ ಕೈ ಹಿಡಿದುಕೊಳ್ಳಲು ಇನ್ನೊಬ್ಬ ತಾಯಿ ಇರುತ್ತಾಳೆ. ಇಬ್ಬರ ಭಾಷೆ ಬೇರೆಯಾದರೂ ಏನೂ ತೊಂದರೆ ಆಗುವುದಿಲ್ಲ.

ಚಿಕಿತ್ಸೆಯ ಮೊದಲ ಹಂತದಲ್ಲಿ ಮಕ್ಕಳಿಗೆ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ. ಮುಖ ಊದುತ್ತದೆ. ಎಷ್ಟು ತಿಂದರೂ ಹಸಿವು. ನಡುರಾತ್ರಿ ಎದ್ದು ಚಿತ್ರಾನ್ನ ಬೇಕು ಅಂತ ಹಟ. ಕೊಡುವುದು ತಡವಾದರೆ ಹೊಡೆಯುವುದು, ಕಚ್ಚುವುದು. ನನ್ನ ಮಗ ಬೆಕ್ಕಿನ ಮರಿಗೂ ನೋವು ಮಾಡಿದವನಲ್ಲ. ಅವನು ನನ್ನ ಕೆನ್ನೆಗೆ ಹೊಡೆದ. ಕಾಯಿಲೆ ತಲೆಗೇ ಹೋಯಿತು ಅಂತ ನಾನು ನಡುಗಿಹೋದೆ. ಪಕ್ಕದ ಮಂಚದ ರಾಯಚೂರಿನ ಅಕ್ಕ ಸುಮ್ನೆ ನಕ್ಕಳು. "ಅದು ಗುಳಿಗಿ ಸಿಟ್ಟವ್ವ, ಹುಡುಗಂದಲ್ಲ. ಗುಳಿಗಿ ನಿಂತ ಮ್ಯಾಲೆ ಸಿಟ್ಟೂ ಹೋಗತೈತಿ" ಅಂದಳು. ಹಾಗೇ ಆಯಿತು. ಆ ಒಂದು ಮಾತು ಕೊಟ್ಟ ನೆಮ್ಮದಿಯನ್ನು 'ಧೈರ್ಯ ತಂದ್ಕೊ' ಅನ್ನುವ ನೂರು ಮಾತು ಕೊಡಲಿಲ್ಲ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಆದ ಮೇಲೆ ಮಗುವಿಗೆ ಕಾಲು, ದವಡೆ ನೋಯಬಹುದು, ಮಲಬದ್ಧತೆ ಆಗಬಹುದು. ಇದು ಮೊದಲೇ ಗೊತ್ತಿದ್ದ ತಾಯಿಗೆ ಭಯ ಅರ್ಧಕ್ಕೆ ಇಳಿಯುತ್ತದೆ. ಗೊತ್ತಿಲ್ಲದವಳು ರಾತ್ರಿಯೆಲ್ಲ ಏನೇನೋ ಯೋಚನೆ ಮಾಡುತ್ತಾಳೆ. ತಾಯಂದಿರಿಗೆ ಸಮಾಧಾನ ಬೇಕು ಅನ್ನುವವರು ಮೊದಲು ವಿಷಯ ಹೇಳಲಿ.

ಈಗ ಊರಿಗೆ ಬನ್ನಿ. ಮಲೆನಾಡಿನ ಮನೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದ ಮನೆ ಅಂದರೆ ತೋಟ ದಾಟಿ, ಹಳ್ಳ ದಾಟಿ ಹೋಗಬೇಕು. ಕೌಂಟ್ ಕಡಿಮೆ ಇರುವ ಮಗು ಇದೆ ಅಂತ ಯಾರೂ ಒಳಗೆ ಬರಬೇಡಿ ಅಂದಿರುತ್ತೇವೆ. ಮಗುವಿಗೆ ಅದು ಒಳ್ಳೆಯದೇ. ಆದರೆ ತಾಯಿಗೂ ಆ ಬಾಗಿಲು ಮುಚ್ಚಿತಲ್ಲ? ಗಂಡ ಅಡಿಕೆ ಗೊನೆ ಕೊಯ್ಲು, ಸೊಸೈಟಿ ಸಾಲ ಅಂತ ಹೊರಗೆ. ಅವರಿಗೂ ಸಂಕಟ ಇದೆ, ಆದರೆ ನಮ್ಮ ಕಡೆ ಗಂಡಸರು ಸಂಕಟ ಬಂದರೆ ಮಾತು ನಿಲ್ಲಿಸಿಬಿಡುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಮಾತಾಡದೆ ಇರುವುದು ಎಷ್ಟು ಭಾರ ಅಂತ ಅನುಭವಿಸಿದವರಿಗೇ ಗೊತ್ತು.

ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಗೋಡೆಗೆ ಬೂಷ್ಟು. ಬಟ್ಟೆ ಒಣಗದೆ ಒಲೆ ಮೇಲಿನ ಹಗ್ಗದಲ್ಲೇ ವಾರಗಟ್ಟಲೆ. ಇಂಥ ಮಕ್ಕಳಿಗೆ ಬೂಷ್ಟಿನಿಂದ ಶ್ವಾಸಕೋಶದ ಸೋಂಕು ಆಗಬಹುದು ಅಂತ ಡಾಕ್ಟರ್ ಹೇಳಿ ಕಳಿಸಿರುತ್ತಾರೆ. ಆಗುಂಬೆ, ಬಿದನೂರು ನಗರದ ಕಡೆ ಆಷಾಢದಲ್ಲಿ ಬೂಷ್ಟು ಹಿಡಿಯದ ಗೋಡೆಯನ್ನು ಎಲ್ಲಿಂದ ತರುವುದು? ತಾಯಿ ಗೋಡೆ ಒರೆಸುತ್ತಾಳೆ. ಮತ್ತೆ ಒರೆಸುತ್ತಾಳೆ. ಕೊಟ್ಟಿಗೆಯಿಂದ ಬಂದವರನ್ನು ಕೈ ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. 'ಇವಳಿಗೇನೋ ಹಿಡಿದಿದೆ' ಅಂತ ಮನೆಯವರೇ ಅನ್ನಲು ಶುರು ಮಾಡುತ್ತಾರೆ.

ಇನ್ನು ಜ್ವರದ ವಿಷಯ. ಬೇರೆ ಮಕ್ಕಳಿಗೆ ಜ್ವರ ಬಂದರೆ ಕಷಾಯ ಕೊಟ್ಟು ಬೆಳಿಗ್ಗೆವರೆಗೆ ಕಾಯಬಹುದು. ಕೀಮೋ ನಡೆಯುತ್ತಿರುವ ಮಗುವಿಗೆ 100.4 ಡಿಗ್ರಿ ದಾಟಿತು ಅಂದರೆ ಅದು ಎಮರ್ಜೆನ್ಸಿ. ಕೂಡಲೇ ರಕ್ತ ಪರೀಕ್ಷೆ, ಡ್ರಿಪ್‌ನಲ್ಲಿ ಆ್ಯಂಟಿಬಯೋಟಿಕ್. ಗಂಟೆಗಳ ಲೆಕ್ಕ. ಹಾಗಾಗಿ ನಮ್ಮಂಥವರ ದಿಂಬಿನ ಕೆಳಗೆ ಥರ್ಮಾಮೀಟರ್ ಇರುತ್ತದೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಹಳ್ಳ ತುಂಬಿದೆ ಅನ್ನುವ ರಾತ್ರಿಗಳಲ್ಲಿ ನಿದ್ದೆ ಅನ್ನುವುದು ಬರೀ ಕಣ್ಣು ಮುಚ್ಚುವುದು. ಅಂಥ ಒಂದು ರಾತ್ರಿ ಹೇಗೋ ಜೀಪು ಹಿಡಿದು ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದವರು 'ವೈರಲ್ ಇರಬೇಕಮ್ಮ, ಬೆಳಿಗ್ಗೆ ನೋಡೋಣ' ಅಂದರು. ನಾನು ಫೈಲ್ ಬಿಚ್ಚಿ, ಬೆಂಗಳೂರಿನ ಡಾಕ್ಟರ್‌ಗೆ ಫೋನ್ ಹಚ್ಚಿ, ಅವರ ಕೈಗೆ ಕೊಟ್ಟ ಮೇಲೆ ಬಾಟಲಿ ಏರಿಸಿದರು. ಆ ಡಾಕ್ಟರ್ ಕೆಟ್ಟವರಲ್ಲ, ಅವರಿಗೆ ಇಂಥ ಮಗು ಬರುವುದು ಅಪರೂಪ ಅಷ್ಟೇ. ಆದರೆ ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ್ ಜೊತೆ ವಾದ ಮಾಡುವುದು ತಾಯಿಯ ಕೆಲಸ ಆಗಬಾರದು. ಅವತ್ತಿನ ನಡುಕ ನನಗೆ ಈಗಲೂ ಬಿಟ್ಟಿಲ್ಲ.

ಇಲಾಖೆಗೆ ಇದು ಮಾಡಲಾಗದ ಕೆಲಸ ಅಂತ ನಾನು ಒಪ್ಪುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗೊತ್ತಾಯಿತು. ಇವತ್ತು ಬೇಸಿಗೆಯಲ್ಲಿ ಜ್ವರ ಅಂದರೆ ಸಾಕು, ನಮ್ಮ ಆಶಾ ಅಕ್ಕ ಮೊದಲು ಕೇಳುವುದೇ 'ಕಾಡಿಗೆ ಹೋಗಿದ್ರಾ? ಮಂಗ ಸತ್ತಿದ್ದು ನೋಡಿದ್ರಾ?' ಅಂತ. ಅವಳಿಗೆ ಅದನ್ನು ಕಲಿಸಿದ್ದು ನೀವೇ ಅಲ್ವಾ? 'ಈ ಮನೆಯ ಮಗುವಿಗೆ ಕೀಮೋ ನಡೆಯುತ್ತಿದೆ, ಜ್ವರ ಬಂದರೆ ಕಾಯುವ ಹಾಗಿಲ್ಲ, ತಾಯಿಯನ್ನೂ ಒಂದು ಮಾತು ವಿಚಾರಿಸಬೇಕು' ಅಂತ ಕಲಿಸುವುದು ಅದಕ್ಕಿಂತ ಕಷ್ಟದ್ದಲ್ಲ.

ತಾಯಂದಿರನ್ನು ಒಳಗಿಂದ ತಿನ್ನುವುದು ಇನ್ನೊಂದಿದೆ. ನನ್ನಿಂದಲೇ ಆಯಿತಾ ಅನ್ನುವ ಪ್ರಶ್ನೆ. ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದೆನಾ? ತೋಟಕ್ಕೆ ಔಷಧಿ ಹೊಡೆಯುವಾಗ ಹತ್ತಿರ ಇದ್ದೆನಾ? ಚೌಡಿ ಬನದ ಹರಕೆ ಬಾಕಿ ಉಳಿದಿತ್ತಾ? ಇದು ಅವಳು ತನ್ನನ್ನು ತಾನೇ ಕೇಳಿಕೊಳ್ಳುವುದು. ಕೇಳಲು ಬೇರೆಯವರೂ ಇದ್ದಾರೆ. 'ತಾಯಿ ಕಡೆಯವರಲ್ಲಿ ಯಾರಿಗಾದರೂ ಇತ್ತಾ' ಅಂತ ಮಗುವಿನ ಮುಂದೆಯೇ ಕೇಳುತ್ತಾರೆ. ಮಕ್ಕಳ ಕ್ಯಾನ್ಸರ್‌ನಲ್ಲಿ ಹೆಚ್ಚಿನವಕ್ಕೆ ಇಂಥದ್ದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ವಂಶದಿಂದ ಬರುವುದು ಸ್ವಲ್ಪ ಮಕ್ಕಳಲ್ಲಿ ಮಾತ್ರ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಡಾಕ್ಟರ್ ಇದನ್ನು ಮೊದಲ ದಿನವೇ ಹೇಳಿರುತ್ತಾರೆ. ಆದರೆ 'ಕ್ಯಾನ್ಸರ್' ಅನ್ನುವುದು ಕಿವಿಗೆ ಬಿದ್ದ ಮೇಲೆ ಆ ದಿನ ಇನ್ನೇನೂ ಕೇಳಿಸುವುದಿಲ್ಲ. ಅದನ್ನು ಒಂದು ತಿಂಗಳು ಬಿಟ್ಟು, ಮೂರು ತಿಂಗಳು ಬಿಟ್ಟು, ಅತ್ತೆ ಮಾವನ ಎದುರಿಗೇ ಯಾರಾದರೂ ಮತ್ತೆ ಹೇಳಬೇಕು. ಸರ್ಕಾರದ ಕಡೆಯವರು ಬಂದು ಹೇಳಿದರೆ ನಮ್ಮ ಮನೆಗಳಲ್ಲಿ ಅದಕ್ಕೊಂದು ತೂಕ ಇರುತ್ತದೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು ನಮ್ಮ ಎಷ್ಟೋ ಜನರನ್ನು ಕಾಪಾಡಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಅನ್ನುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು. ಆದರೆ ಮಲೆನಾಡಿನ ಒಳಗೆ ಓಡುವುದೆಲ್ಲ ಜಾಸ್ತಿ ಖಾಸಗಿ ಬಸ್ಸು, ಮೇಲಾಗಿ ಕೌಂಟ್ ಇಲ್ಲದ ಮಗುವನ್ನು ತುಂಬಿದ ಬಸ್ಸಿಗೆ ಹತ್ತಿಸುವ ಹಾಗಿಲ್ಲ. ಇರಲಿ. ಇಷ್ಟಾದರೂ ಇದೆ. ತಾಯಿಯ ಮನಸ್ಸಿನ ಪಾಲಿಗೆ ಇಷ್ಟೂ ಇಲ್ಲ.

ಇದು ಬರೀ ಭಾವನೆಯ ಮಾತು ಅಂತ ನೀವು ಪಕ್ಕಕ್ಕೆ ಇಡಬಾರದು ಅಂತಲೇ ಮುಂದಿನದನ್ನು ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರರಲ್ಲಿ 80ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ತುಂಬಾ ಕಡಿಮೆ. ತಡವಾಗಿ ಗೊತ್ತಾಗುವುದು, ಔಷಧಿ ಸಿಗದಿರುವುದು ಇದಕ್ಕೆ ಕಾರಣ. ಚಿಕಿತ್ಸೆ ನಡುವೆಯೇ ಬಿಟ್ಟುಹೋಗುವುದೂ ಒಂದು ದೊಡ್ಡ ಕಾರಣ.

ಯಾಕೆ ಬಿಡುತ್ತಾರೆ? ಹಣ ಒಂದು. ಸಾಕಾಗಿ ಹೋಗುವುದು ಇನ್ನೊಂದು. ಎಎಲ್‌ಎಲ್ ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಲ ಕೆಲವು ತಿಂಗಳು ಆಸ್ಪತ್ರೆ ನೋಡಿಕೊಳ್ಳುತ್ತದೆ. ಆಮೇಲೆ ಮೇಂಟೆನೆನ್ಸ್ ಅನ್ನುವ ಉದ್ದದ ಹಂತ. ದಿನಾ ಮರ್‌ಕ್ಯಾಪ್ಟೋಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಮನೆಯಲ್ಲಿ, ತಾಯಿಯ ಕೈಯಲ್ಲಿ. ಮಗು ನೋಡಲು ಆರೋಗ್ಯವಾಗಿರುತ್ತದೆ, ಕೂದಲು ಬಂದಿರುತ್ತದೆ. ಮಾತ್ರೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅಮೆರಿಕದ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮರ್‌ಕ್ಯಾಪ್ಟೋಪ್ಯೂರಿನ್ ಅನ್ನು ನೂರಕ್ಕೆ 95ಕ್ಕಿಂತ ಕಡಿಮೆ ಸಲ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರಳುವುದು ಜಾಸ್ತಿ ಅಂತ ಅದರಲ್ಲಿ ಕಂಡಿತು. ಅಂದರೆ ತಿಂಗಳಿಗೆ ಎರಡು ಮೂರು ಮಾತ್ರೆ ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ನಿದ್ದೆ ಇಲ್ಲದ, ಹಗಲು ಕೊಟ್ಟಿಗೆ, ತೋಟ, ಅಡುಗೆ ಮುಗಿಸಿ ಬಸವಳಿದ, ಮಾತಾಡಲು ಯಾರೂ ಇಲ್ಲದ ಒಬ್ಬ ಹೆಂಗಸಿನ ನೆನಪಿನ ಮೇಲೆ ನಾವು ಇಷ್ಟು ದೊಡ್ಡ ಚಿಕಿತ್ಸೆಯ ಭಾರವನ್ನು ಹೊರಿಸಿದ್ದೇವೆ.

ಇದರ ಮೇಲೆ ಸಲಹೆಗಳು. ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕಡೆ ಮೊದಲು ನೆನಪಾಗುವುದು ಆನಂದಪುರದ ಹತ್ತಿರದ ನರಸೀಪುರ. ಎಲ್ಲೆಲ್ಲಿಂದಲೋ ಜನ ನಾಟಿ ಔಷಧಿಗೆ ಅಲ್ಲಿಗೆ ಬರುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. 'ಮನೆ ಬಾಗಿಲಲ್ಲೇ ಔಷಧಿ ಇದೆ, ಮಗುವಿಗೆ ಯಾಕೆ ಇಷ್ಟು ಹಿಂಸೆ ಕೊಡ್ತೀಯ' ಅಂತ ಅಕ್ಕರೆಯಿಂದಲೇ ಹೇಳುತ್ತಾರೆ. ಆ ಮಾತಿಗೆ ಉತ್ತರ ಕೊಡುವುದು ಎಷ್ಟು ಕಷ್ಟ ಗೊತ್ತಾ? ಮಗು ಸೂಜಿ ನೋಡಿ ಕಿರುಚುವುದು ತಾಯಿಯ ಕಣ್ಣ ಮುಂದೆಯೇ ಇರುತ್ತದೆ. ಹರಕೆ ಹೊರಲಿ, ಸಿಗಂದೂರಿಗೆ ಹೋಗಿ ಬರಲಿ, ನಾನೂ ಹೋಗಿದ್ದೇನೆ, ಅದರಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ ಕೀಮೋ ನಿಲ್ಲಿಸಿ ಬೇರೆ ದಾರಿ ಹಿಡಿದರೆ ಗುಣವಾಗುವ ಮಗುವೂ ಕೈತಪ್ಪುತ್ತದೆ. ಇದನ್ನು ತಾಯಿ ಒಬ್ಬಳೇ ಇಡೀ ಊರಿನ ಎದುರು ನಿಂತು ಹೇಳಬೇಕಾ?

ವಾರ್ಡಿನಲ್ಲಿ ಎಲ್ಲ ಮಕ್ಕಳೂ ಉಳಿಯುವುದಿಲ್ಲ. ನಿನ್ನೆ ತನಕ ಬಿಸ್ಕತ್ತು ಹಂಚಿಕೊಂಡ ಮಗುವಿನ ಮಂಚ ಬೆಳಿಗ್ಗೆ ಖಾಲಿ. ಆಗ ಉಳಿದ ತಾಯಂದಿರ ಎದೆಯಲ್ಲಿ ಮೊದಲು ಬರುವ ಯೋಚನೆ 'ನನ್ನ ಮಗು ಅಲ್ಲವಲ್ಲ' ಅಂತ. ಮರುಕ್ಷಣ ಆ ಯೋಚನೆಗೆ ತನ್ನ ಮೇಲೆ ತನಗೇ ಅಸಹ್ಯ. ಇದನ್ನು ಗಂಡನ ಹತ್ತಿರ ಹೇಳಲು ಆಗುವುದಿಲ್ಲ. ತವರಿನಲ್ಲಿ ಹೇಳಿದರೆ 'ಹಾಗೆಲ್ಲ ಮಾತಾಡಬಾರದು' ಅನ್ನುತ್ತಾರೆ. ಇಂಥ ಯೋಚನೆ ಎಲ್ಲ ತಾಯಂದಿರಿಗೂ ಬರುತ್ತದೆ, ಇದರಿಂದ ನೀನು ಕೆಟ್ಟವಳಾಗುವುದಿಲ್ಲ ಅಂತ ಹೇಳಲು ತರಬೇತಿ ಇರುವ ಒಬ್ಬರು ಬೇಕು. ಇನ್ನು ಖಾಲಿ ಮಂಚದ ತಾಯಿ. ಅವಳಿಗೆ ಆಸ್ಪತ್ರೆಯಿಂದ ಫೋನ್ ಬರುವುದು ಆ ದಿನಕ್ಕೇ ನಿಂತಿತು. ಮಕ್ಕಳ ಕ್ಯಾನ್ಸರ್‌ನಲ್ಲಿ ಕುಟುಂಬದ ಮನಸ್ಸಿನ ಆರೈಕೆ ಹೇಗಿರಬೇಕು ಅಂತ 2015ರಲ್ಲಿ ತಜ್ಞರು 15 ಮಾನದಂಡ ಪ್ರಕಟಿಸಿದ್ದಾರೆ. ಮಗು ಹೋದ ಮೇಲೂ ಆಸ್ಪತ್ರೆಯವರು ಕುಟುಂಬವನ್ನು ವಿಚಾರಿಸಬೇಕು ಅನ್ನುವುದು ಅದರಲ್ಲಿ ಒಂದು. ನಮ್ಮಲ್ಲಿ ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಆ ಮನೆಯ ಕಡೆ ಯಾರೂ ತಲೆ ಹಾಕುವುದಿಲ್ಲ. ಏನು ಮಾತಾಡಬೇಕು ಅಂತ ಗೊತ್ತಾಗದೆ ತಪ್ಪಿಸಿಕೊಳ್ಳುತ್ತೇವೆ.

ಚಿಕಿತ್ಸೆ ಮುಗಿದವರ ಕಥೆ ಬೇರೆ ತರಹ. 'ಎಲ್ಲ ಸರಿ ಹೋಯ್ತಲ್ಲ, ಇನ್ನೂ ಯಾಕೆ ಮಂಕಾಗಿದ್ದೀಯ' ಅಂತ ಕೇಳುತ್ತಾರೆ. ಚಿಕಿತ್ಸೆ ನಡೆಯುವಾಗ ತಾಯಿಗೆ ಕುಸಿಯಲು ಪುರುಸೊತ್ತೇ ಇರುವುದಿಲ್ಲ. ಮುಗಿದ ಮೇಲೆ ಕುಸಿಯುತ್ತಾಳೆ. ಮಗು ಆಟದಲ್ಲಿ ಬಿದ್ದು ಮೊಣಕಾಲು ನೀಲಿಯಾದರೆ ರಿಲ್ಯಾಪ್ಸ್, ಅಂದರೆ ಕಾಯಿಲೆ ಮರಳಿತು ಅಂತ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಸ್ಪಿರಿಟ್ ವಾಸನೆ ಬಂದರೆ ವಾಂತಿ. ದೊಡ್ಡ ಅಪಘಾತದಿಂದ ಬದುಕಿ ಬಂದವರಲ್ಲಿ ಕಾಣುವ ಲಕ್ಷಣಗಳೇ ಇಂಥ ತಾಯಂದಿರಲ್ಲೂ, ಚಿಕಿತ್ಸೆ ಮುಗಿದ ಎಷ್ಟೋ ಕಾಲದ ನಂತರವೂ ಕಾಣುತ್ತವೆ ಅಂತ ಅಧ್ಯಯನಗಳು ಹೇಳುತ್ತವೆ. ಇದಕ್ಕೆ ಸಹಾಯ ಇದೆ ಅನ್ನುವುದೂ ಗೊತ್ತಿದೆ. ಅಮೆರಿಕದಲ್ಲಿ ಹೊಸದಾಗಿ ಕ್ಯಾನ್ಸರ್ ಗೊತ್ತಾದ ಮಕ್ಕಳ 430 ತಾಯಂದಿರ ಮೇಲೆ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಒಬ್ಬರು ತಾಯಿಯ ಜೊತೆ ವಾರಕ್ಕೊಮ್ಮೆ ಒಂದು ಗಂಟೆಯಂತೆ ಎಂಟು ಸಲ ಕೂರುತ್ತಾರೆ. ಈ ವಾರ ಯಾವುದು ಜಾಸ್ತಿ ಕಾಡುತ್ತಿದೆ? ಅದಕ್ಕೆ ಏನೇನು ದಾರಿ ಇದೆ? ಯಾವುದು ಆಗಬಹುದು? ಮಾಡಿ ನೋಡಿ, ಮುಂದಿನ ವಾರ ಹೇಳಿ. ಇಷ್ಟೇ. ಹೀಗೆ ಕಲಿತ ತಾಯಂದಿರಲ್ಲಿ ಖಿನ್ನತೆ, ಕಳವಳ ಕಡಿಮೆಯಾಯಿತು. ಇದಕ್ಕೆ ದೊಡ್ಡ ಕಟ್ಟಡ ಬೇಡ, ಮಷೀನು ಬೇಡ.

ನಿಮ್ಮ ಹತ್ತಿರ ಈಗಾಗಲೇ ಏನಿದೆ ಅಂತ ನೋಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರಿಂದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಎಲ್ಲ ಇದೆ, ಆದರೆ ಈ ತಾಯಿ ಅಲ್ಲಿಗೆ ಹೋಗುವುದಿಲ್ಲ, ಫೋನೂ ಮಾಡುವುದಿಲ್ಲ. 'ಕಾಯಿಲೆ ಮಗುವಿಗೆ, ನನಗೇನಾಗಿದೆ' ಅಂತ ಅವಳ ಲೆಕ್ಕ. ಅದಕ್ಕೇ ಫೋನ್ ಆ ಕಡೆಯಿಂದ ಬರಬೇಕು. ಜಿಲ್ಲೆಯ ಯಾವ ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ ಅನ್ನುವುದು ಆರೋಗ್ಯ ಕರ್ನಾಟಕದ ದಾಖಲೆಯಿಂದಲೇ ಬಹಳಷ್ಟು ಗೊತ್ತಾಗುತ್ತದೆ. ಮನೆಯವರ ಒಪ್ಪಿಗೆ ಪಡೆದು, ನಿಮ್ಮ ತಂಡದ ಆಪ್ತಸಮಾಲೋಚಕರು ಹದಿನೈದು ದಿನಕ್ಕೊಮ್ಮೆ ಆ ತಾಯಿಗೆ ಫೋನ್ ಮಾಡಲಿ. ಮಗು ಹೇಗಿದೆ ಅಂತ ಕೇಳಿ ಇಟ್ಟುಬಿಡಬಾರದು. 'ನೀವು ನಿದ್ದೆ ಮಾಡಿದ್ರಾ' ಅಂತಲೂ ಕೇಳಲಿ. ಚಿಕಿತ್ಸೆ ಮುಗಿದ ಮೇಲೂ ಒಂದು ವರ್ಷ, ಮಗು ಹೋದರೂ ಒಂದು ವರ್ಷ.

ಜೊತೆಗೆ ಒಂದು ಜ್ವರದ ಚೀಟಿ. 'ಈ ಮಗುವಿಗೆ ಕೀಮೋ ನಡೆಯುತ್ತಿದೆ, ಜ್ವರ ಇದ್ದರೆ ಕೂಡಲೇ ಹೀಗೆ ಮಾಡಿ' ಅಂತ ಇಲಾಖೆಯ ಸೀಲು ಹಾಕಿದ ಚೀಟಿ ಸಾಕು. ಅದು ಕೈಯಲ್ಲಿದ್ದರೆ ಮಳೆಯ ರಾತ್ರಿ ಅವಳಿಗೆ ಎಷ್ಟು ಧೈರ್ಯ ಅಂತ ನಾನು ಬರೆದು ತಿಳಿಸಲು ಆಗುವುದಿಲ್ಲ. ಇದನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಮಳೆಗಾಲದ ಮೊದಲೇ ತಲುಪಿಸಬೇಕು.

ಊರಿನವರಿಗೂ ಇಲ್ಲೇ ಒಂದೆರಡು ಮಾತು. ನೋಡಲು ಬರುವಾಗ ಸತ್ತವರ ಉದಾಹರಣೆ ತರಬೇಡಿ. ಹಣ್ಣಿನ ಬುಟ್ಟಿಯೂ ಬೇಡ, ಸಿಪ್ಪೆ ಸುಲಿಯದ ಹಣ್ಣು ಆ ಮಗು ತಿನ್ನುವ ಹಾಗಿಲ್ಲ. ಒಂದು ಹೊತ್ತು ಹಾಲು ಕರೆದುಕೊಡಿ. ಸುಲಿಯುವ ಅಡಿಕೆ ಬಾಕಿ ಇದ್ದರೆ ಅಂಗಳದಲ್ಲಿ ಕೂತು ಸುಲಿದುಕೊಡಿ. ಆ ಮನೆಯ ಇನ್ನೊಂದು ಮಗುವನ್ನು, ಅಮ್ಮ ತನ್ನನ್ನು ಮರೆತಳು ಅಂತ ಮೂಲೆಯಲ್ಲಿ ಕೂತಿರುವ ಅಕ್ಕನನ್ನೋ ಅಣ್ಣನನ್ನೋ, ನಿಮ್ಮ ಮಕ್ಕಳ ಜೊತೆ ಜಾತ್ರೆಗೆ ಕರೆದುಕೊಂಡು ಹೋಗಿ.

ಮಾನ್ಯರೇ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಸಲ ಈ ತಾಯಂದಿರು ಸೇರಲು ಒಂದು ಕೋಣೆ ಕೊಡಿಸಿ. ಹೊಸಬರಿಗೆ ಹಳಬರು ಹೇಳಿಕೊಡುತ್ತೇವೆ, ಸಂಬಳ ಬೇಡ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬಸ್ಸುಗಳು ಅಷ್ಟೊತ್ತಿಗೆ ಬಂದಿರುತ್ತವೆ. ಎರಡು ಗಂಟೆಗೆ ಬಿಟ್ಟುಬಿಡಿ. ಶಾಲೆ ಬಿಟ್ಟು ಮಕ್ಕಳು ಬರುವ ಹೊತ್ತಿಗೆ ಮನೆ ಸೇರಬೇಕು.

ಇತಿ,
ಹೊಸನಗರ ತಾಲ್ಲೂಕಿನ ಒಬ್ಬ ತಾಯಿ